ಬಟವಾಡೆಯಾಗದ ಕಾಗದಗಳು

ಕೆಲವು ವರ್ಷಗಳ ಹಿಂದೆ ಎಂ.ಎ. ತರಗತಿಯೊಂದರಲ್ಲಿ ಜೆರಾರ್ಡ್ ಮ್ಯಾನ್ಲಿ ಹಾಪ್‌ಕಿನ್ಸ್‌ನ ‘ದ ರೆಕ್ ಆಫ್ ದ ಡಾಯ್ಚ್‌ಲ್ಯಾಂಡ್’ ಓದಿಸುತ್ತಿದ್ದೆ. ಹಡಗೊಂದು ಮುಳುಗಿ ಐವರು ಕನ್ಯಾಸ್ತ್ರೀಯರು ಸತ್ತ ಕಥೆ ಅದು. ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: “ಸರ್, ಆಯಮ್ಮ ಅಷ್ಟು ಕೂಗಿದರೂ ಕ್ರಿಸ್ತ ಬರಲೇ ಇಲ್ಲವಲ್ಲ. ಮತ್ತೆ ಈ ಕವಿ ಯಾಕೆ ಇಷ್ಟು ಸಂಭ್ರಮ ಪಡುತ್ತಿದ್ದಾನೆ?” ನಾನು ಆ ಹೊತ್ತಿಗೆ ಕಪ್ಪುಹಲಗೆಯ ಮೇಲೆ ‘ಸ್ಪ್ರಂಗ್ ರಿದಂ’ ವಿವರಿಸುವ ಗೆರೆಗಳನ್ನು ಎಳೆಯುತ್ತಿದ್ದೆ. ಆ ಕವಿತೆಯಲ್ಲಿ ಅದರ ಉತ್ತರವಿದೆ, ಮುಂದಿನ ಸಲ ನೋಡೋಣ ಎಂದು ಜಾರಿಕೊಂಡೆ. ಮುಂದಿನ ಸಲ ಸಿಲಬಸ್ ಮುಂದಕ್ಕೆ ಓಡಿತ್ತು.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹಾಪ್‌ಕಿನ್ಸ್ ಬದುಕಿರುವುದು ಹೀಗೆಯೇ, ಹತ್ತು ಅಂಕದ ಛಂದಸ್ಸಿನ ಪ್ರಶ್ನೆಯಾಗಿ. ಇದಕ್ಕೆ ನಾವಷ್ಟೇ ಕಾರಣರಲ್ಲ. 1918ರಲ್ಲಿ ಅವನ ಪದ್ಯಗಳು ಪುಸ್ತಕವಾಗಿ ಬಂದಾಗ ಕವಿ ಸತ್ತು 29 ವರ್ಷಗಳಾಗಿದ್ದವು. ಆಮೇಲೆ ಅವನನ್ನು ಎತ್ತಿ ಹಿಡಿದ ಐ.ಎ. ರಿಚರ್ಡ್ಸ್, ವಿಲಿಯಂ ಎಂಪ್ಸನ್, ಎಫ್.ಆರ್. ಲೀವಿಸ್ ಮೂವರಿಗೂ ಬೇಕಿದ್ದದ್ದು ಭಾಷೆಯನ್ನು ಹಿಂಡಿ ಬರೆದ ಆಧುನಿಕ. ಅವನು ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಪಾದ್ರಿ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಆದರೆ ಆ ಹುಡುಗಿಯ ಪ್ರಶ್ನೆ ಛಂದಸ್ಸಿನದಲ್ಲ, ಪ್ರಾರ್ಥನೆಯದು. ಉತ್ತರ ಬಾರದ ಪ್ರಾರ್ಥನೆಯಲ್ಲಿ ಭರವಸೆ ಎಲ್ಲಿರುತ್ತದೆ? ಬೇರೆಯವರ ಸಂಕಟದಲ್ಲಿ ಭರವಸೆ ಕಾಣುವ ಹಕ್ಕು ಯಾರಿಗಾದರೂ ಇದೆಯೇ? ಅವಳಿಗೆ ಕೊಡಬೇಕಿದ್ದ ಉತ್ತರವನ್ನು ತಡವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಘಟನೆ ಇಷ್ಟು. 1875ರ ಡಿಸೆಂಬರಿನಲ್ಲಿ ಜರ್ಮನಿಯ ಬ್ರೆಮನ್ ಕಡೆಯಿಂದ ನ್ಯೂಯಾರ್ಕ್‌ಗೆ ಹೊರಟಿದ್ದ ಡಾಯ್ಚ್‌ಲ್ಯಾಂಡ್ ಎಂಬ ಉಗಿಹಡಗು ಹಿಮಗಾಳಿಗೆ ದಾರಿ ತಪ್ಪಿ, ಥೇಮ್ಸ್ ನದಿ ಸಮುದ್ರ ಸೇರುವಲ್ಲಿನ ಕೆಂಟಿಷ್ ನಾಕ್ ಎಂಬ ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತು. ಸುಮಾರು ಇನ್ನೂರು ಜನ ಅದರಲ್ಲಿದ್ದರು. ರಾಕೆಟ್ ಹಾರಿಸಿ ಸಹಾಯ ಬೇಡಿದರು. ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಯಾರೂ ಬರಲಿಲ್ಲ. ಮರುದಿನ ಹಾರ್ವಿಚ್ ಬಂದರಿನಿಂದ ‘ಲಿವರ್‌ಪೂಲ್’ ಎಂಬ ಸಣ್ಣ ಹಡಗು ಬಂದು ಉಳಿದವರನ್ನು ಕರೆದೊಯ್ಯುವ ಹೊತ್ತಿಗೆ ಐವತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಅವರಲ್ಲಿ ಐವರು ಫ್ರಾನ್ಸಿಸ್ಕನ್ ಸಭೆಯ ಕನ್ಯಾಸ್ತ್ರೀಯರು. ಬಿಸ್ಮಾರ್ಕ್‌ನ ಕಾಲದಲ್ಲಿ ಪ್ರಷ್ಯಾ ಕ್ಯಾಥೊಲಿಕ್ ಸಂಸ್ಥೆಗಳ ಮೇಲೆ ಹೇರಿದ ಫಾಕ್ ಕಾನೂನುಗಳಿಂದಾಗಿ ದೇಶ ಬಿಟ್ಟು ಹೊರಟವರು. ಅವರಲ್ಲಿ ಎಲ್ಲರಿಗಿಂತ ಎತ್ತರದ ಹೆಂಗಸೊಬ್ಬಳು ಕೊನೆಯ ತನಕ ಕ್ರಿಸ್ತನನ್ನು ಬೇಗ ಬಾ ಎಂದು ಗಟ್ಟಿಯಾಗಿ ಕೂಗುತ್ತಿದ್ದಳೆಂದು ಪತ್ರಿಕೆಗಳು ವರದಿ ಮಾಡಿದವು.

ಆ ವರದಿಯನ್ನು ಓದಿದವರಲ್ಲಿ ಉತ್ತರ ವೇಲ್ಸ್‌ನ ಸೇಂಟ್ ಬ್ಯೂನೋ ಮಠದಲ್ಲಿ ದೇವತಾಶಾಸ್ತ್ರ ಓದುತ್ತಿದ್ದ, 31 ವರ್ಷದ ಹಾಪ್‌ಕಿನ್ಸ್ ಒಬ್ಬ. ಆಕ್ಸ್‌ಫರ್ಡ್‌ನಲ್ಲಿದ್ದಾಗಲೇ ಆಂಗ್ಲಿಕನ್ ಮನೆತನದ ಇಷ್ಟಕ್ಕೆ ವಿರುದ್ಧವಾಗಿ ಕ್ಯಾಥೊಲಿಕನಾದವನು. 1868ರಲ್ಲಿ ಯೇಸುಸಭೆ ಸೇರುವ ಮುನ್ನ, ಸನ್ಯಾಸಕ್ಕೂ ಕವಿತೆಗೂ ಹೊಂದಾಣಿಕೆಯಾಗದು ಎಂದುಕೊಂಡು ತನ್ನ ಪದ್ಯಗಳನ್ನು ಸುಟ್ಟವನು. ಹೆಚ್ಚುಕಡಿಮೆ ಏಳು ವರ್ಷ ಅವನು ಬರೆದಿರಲಿಲ್ಲ. ಈ ದುರಂತದ ಬಗ್ಗೆ ಯಾರಾದರೂ ಬರೆದರೆ ಚೆನ್ನಾಗಿತ್ತು ಎಂದು ಮಠದ ಮುಖ್ಯಸ್ಥರು ಆಡಿದ ಒಂದು ಮಾತು ಸಾಕಾಯಿತು. ಎಂಟೆಂಟು ಸಾಲಿನ 35 ಚರಣಗಳು ಬಂದವು. ಜೆಸ್ಯೂಟರದೇ ಪತ್ರಿಕೆ ಅದನ್ನು ಅಚ್ಚು ಮಾಡಲಿಲ್ಲ. ಗೆಳೆಯ ರಾಬರ್ಟ್ ಬ್ರಿಡ್ಜಸ್‌ಗೆ ಅದು ಕಡೆಯವರೆಗೂ ಹಿಡಿಸಲಿಲ್ಲ. ಮುಂದೆ ತಾನೇ ಸಂಪಾದಿಸಿದ ಸಂಕಲನದಲ್ಲಿ ಅದನ್ನು ಬಾಗಿಲಲ್ಲೇ ಸುತ್ತಿಕೊಂಡು ಮಲಗಿದ ಡ್ರ್ಯಾಗನ್‌ಗೆ ಹೋಲಿಸಿ, ಓದುಗರು ಪಕ್ಕದಿಂದ ಒಳಗೆ ಹೋಗುವುದು ಒಳ್ಳೆಯದು ಎನ್ನುವ ಧಾಟಿಯಲ್ಲಿ ಎಚ್ಚರಿಸಿದ.

ಪಕ್ಕದಿಂದ ಹೋದವರು ಕಳೆದುಕೊಳ್ಳುವುದು ಆ ಕವಿತೆಯ 24ನೆಯ ಚರಣದಿಂದ ಮುಂದಿನ ಐದಾರು ಚರಣಗಳನ್ನು. ಅದುವರೆಗೆ ಹಡಗು, ಹಿಮ, ಹಗ್ಗ ಕಟ್ಟಿಕೊಂಡು ಹೆಂಗಸೊಬ್ಬಳನ್ನು ಉಳಿಸಲು ಇಳಿದು ಹೆಣವಾಗಿ ನೇತಾಡಿದ ನಾವಿಕ ಎಲ್ಲ ಬಂದುಹೋಗಿದೆ. ಕನ್ಯಾಸ್ತ್ರೀಯ ಕೂಗು ಕೇಳಬೇಕಾದ ಹೊತ್ತಿಗೆ ಕವಿ ಇದ್ದಕ್ಕಿದ್ದಂತೆ ತನ್ನತ್ತ ತಿರುಗಿ, ಆಗ ತಾನೆಲ್ಲಿದ್ದೆ ಎಂದು ಹೇಳಿಕೊಳ್ಳುತ್ತಾನೆ. ವೇಲ್ಸ್‌ನಲ್ಲಿ, ಗುಡ್ಡದ ಬದಿಯಲ್ಲಿ, ಸೂರಿನಡಿ, ಆರಾಮವಾಗಿ. ಅವರು ಗಾಳಿಯ ಬಾಯಲ್ಲಿದ್ದಾಗ ನಾನು ಬೆಚ್ಚಗಿದ್ದೆ ಎಂಬ ಈ ತಪ್ಪೊಪ್ಪಿಗೆ ಅಲಂಕಾರಕ್ಕೆ ಬಂದದ್ದಲ್ಲ. ಹುಡುಗಿಯ ಎರಡನೆಯ ಪ್ರಶ್ನೆ, ಅವಳು ಬಾಯಿಬಿಟ್ಟು ಕೇಳದೆ ಇದ್ದದ್ದು, ಕವಿಗೂ ಗೊತ್ತಿತ್ತು.

ಆಮೇಲೆ ಅವನು ಒಬ್ಬ ಒಳ್ಳೆಯ ವಿಮರ್ಶಕ ಮಾಡುವ ಕೆಲಸ ಮಾಡುತ್ತಾನೆ: ಆ ಕೂಗಿನ ಅರ್ಥವೇನು ಎಂದು ಕೇಳಿಕೊಳ್ಳುತ್ತಾನೆ. ತನ್ನ ಪ್ರಭು ಸತ್ತ ಹಾಗೆಯೇ ಸಾಯುವ ಆಸೆಯೇ? ಅಥವಾ ಬೇಗ ಸತ್ತು ಸ್ವರ್ಗದ ಸುಖ ಸೇರಿಕೊಳ್ಳುವ ಆತುರವೇ? ಧಾರ್ಮಿಕ ಉಪದೇಶಗಳು ಇಂಥ ಸಾವಿಗೆ ಸಾಮಾನ್ಯವಾಗಿ ಹಚ್ಚುವ ಎರಡು ಬಣ್ಣಗಳಿವು. ಹಾಪ್‌ಕಿನ್ಸ್ ಎರಡನ್ನೂ ಒರೆಸಿಹಾಕುತ್ತಾನೆ. ಒರೆಸುವಾಗ ಒಂದು ವಿಚಿತ್ರವಾದ ಕಾರಣ ಕೊಡುತ್ತಾನೆ: ಬಿಡುಗಡೆ ಬೇಡುವ ಮನಸ್ಸು ಹುಟ್ಟುವುದು ಅಪಾಯದ ಗಳಿಗೆಯಲ್ಲಲ್ಲ, ದಿನನಿತ್ಯದ ಸವೆತದಲ್ಲಿ, ಗಾಡಿಯ ಕುಲುಕಾಟದ ಹಾಗೆ ಮುಗಿಯದೆ ಬಡಿಯುವ ಬೇಸರದಲ್ಲಿ. ಬಿರುಗಾಳಿ ಮನುಷ್ಯನನ್ನು ಅಷ್ಟು ಸುಲಭವಾಗಿ ಸೋಲಿಸುವುದಿಲ್ಲ, ಸೋಮವಾರ ಸೋಲಿಸುತ್ತದೆ. ಬಿರುಗಾಳಿಯ ಕವಿತೆಯ ನಡುವೆ ಈ ಮಾತು ಯಾಕೆ ಬಂತು ಎಂದು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಎರಡು ಉತ್ತರಗಳನ್ನು ಬಿಟ್ಟ ಮೇಲೆ ಮೂರನೆಯದನ್ನು ಹೇಳಲು ಹೊರಟಾಗ ಕವಿತೆಯ ವ್ಯಾಕರಣವೇ ಕುಸಿಯುತ್ತದೆ. 28ನೆಯ ಚರಣದ ಆರಂಭದಲ್ಲಿ ವಾಕ್ಯಗಳು ನಡುವೆಯೇ ಮುರಿದುಬೀಳುತ್ತವೆ. ಹೇಗೆ ಹೇಳಲಿ ಎನ್ನುತ್ತಾನೆ, ಜಾಗ ಬಿಡಿ ಎನ್ನುತ್ತಾನೆ, ಏನೋ ಎಟುಕಿಸಿಕೊಡಿ ಎನ್ನುತ್ತಾನೆ, ಏನನ್ನು ಎಂಬುದು ಬರುವುದೇ ಇಲ್ಲ. ಚುಕ್ಕೆಗಳು. ಆಮೇಲೆ ‘ಅಗೋ ಅಲ್ಲಿ’ ಎಂದು ಬೆರಳು ತೋರಿಸುವವನ ಹಾಗೆ ಕ್ರಿಸ್ತನ ಹೆಸರುಗಳು. ಅವಳು ಬಾ ಎಂದು ಕರೆದದ್ದು ದೂರದಲ್ಲಿದ್ದವನನ್ನಲ್ಲ, ಆ ಅಲೆಯಲ್ಲಿಯೇ ಬರುತ್ತಿದ್ದವನನ್ನು ಗುರುತಿಸಿ ಕರೆದಳು ಎಂಬುದು ಅವನ ಓದು. ಹುಡುಗಿಯ ಪ್ರಶ್ನೆಗೆ ಕವಿಯ ನೇರ ಉತ್ತರ ಇದೇ. ಇದನ್ನು ನಂಬಬೇಕೋ ಬೇಡವೋ ಎಂಬುದು ಬೇರೆ ವಿಷಯ. ಆದರೆ ತನ್ನ ಓದಿನ ಅತ್ಯಂತ ದೊಡ್ಡ ಹಕ್ಕುಸಾಧನೆಯನ್ನು ಅವನು ಮಂಡಿಸುವುದು ಮುರಿದ ಮಾತಿನಲ್ಲಿ ಎಂಬುದನ್ನು ಗಮನಿಸಬೇಕು. ಬೆಚ್ಚಗೆ ಕುಳಿತವನು ನಿರರ್ಗಳವಾಗಿ ಹೇಳಿದ್ದರೆ ಆ ಮಾತನ್ನು ನಾವು ಕ್ಷಮಿಸುತ್ತಿರಲಿಲ್ಲ.

ಇಲ್ಲಿ ಕನ್ನಡದ ಮೂರು ಪದಗಳು ನನಗೆ ನೆರವಾಗಿವೆ. ಇಂಗ್ಲಿಷಿನ ‘ಸ್ಯಾಕ್ರಿಫೈಸ್’ ಒಂದಕ್ಕೆ ನಮ್ಮಲ್ಲಿ ತ್ಯಾಗ, ಬಲಿ, ಅರ್ಪಣೆ ಎಂದು ಮೂರಿವೆ. ತ್ಯಾಗ ಬಿಟ್ಟುಕೊಟ್ಟವನ ಕಡೆಯಿಂದ ನೋಡುವ ಮಾತು. ಅರ್ಪಣೆಗೆ ಸ್ವೀಕರಿಸುವವನು ಬೇಕು. ಬಲಿಯಾಗುವುದಕ್ಕೆ ಇವೆರಡೂ ಬೇಡ, ಕೊಯ್ಯುವವನಿದ್ದರೆ ಸಾಕು. ಅದಕ್ಕೇ ನಮ್ಮ ಪತ್ರಿಕೆಗಳಲ್ಲಿ ಜನ ಅಪಘಾತಕ್ಕೆ ಬಲಿಯಾಗುತ್ತಾರೆ, ನೆರೆಗೆ ಬಲಿಯಾಗುತ್ತಾರೆ. ಆ ಐವರು ಮೊದಲಿಗೆ ಬಿಸ್ಮಾರ್ಕ್‌ನ ಕಾನೂನಿಗೆ, ಆಮೇಲೆ ಗಾಳಿಗೆ ಬಲಿಯಾದವರು. ಅವರು ಸಮುದ್ರವನ್ನು ಆರಿಸಿಕೊಂಡಿರಲಿಲ್ಲ. ಪ್ರಾರ್ಥನೆ ಅವರನ್ನು ಉಳಿಸಲಿಲ್ಲ, ಅಲೆಯೊಂದನ್ನೂ ತಡೆಯಲಿಲ್ಲ. ಅದು ಮಾಡಿದ್ದು ಒಂದೇ: ಬಲಿಯನ್ನು ಅರ್ಪಣೆಯಾಗಿ ತಿರುಗಿಸಿತು. ಒಬ್ಬನ ಹೆಸರು ಹಿಡಿದು ಕೂಗಿದ ಕೂಡಲೇ ಆ ಸಾವಿಗೆ ಒಂದು ವಿಳಾಸ ಬಂತು. ಕನ್ನಡದ ಕ್ಯಾಥೊಲಿಕರು ತಮ್ಮ ಚರ್ಚಿನ ಆರಾಧನೆಯನ್ನು ಬಲಿಪೂಜೆ ಎನ್ನುತ್ತಾರೆ. ಕೊಲ್ಲಲ್ಪಟ್ಟವನನ್ನೂ ಕಾಣಿಕೆಯನ್ನೂ ಒಂದೇ ಪದದಲ್ಲಿ ಕಟ್ಟಿದ ಮಾತು ಅದು. ಹಾಪ್‌ಕಿನ್ಸ್‌ನ 35 ಚರಣಗಳು ಹೇಳಲು ತಿಣುಕುವುದೂ ಅದನ್ನೇ.

ಆದರೂ ಕವಿತೆಯ ಕೊನೆಯ ಭಾಗ ನನಗೆ ಒಪ್ಪಿತವಾಗುವುದಿಲ್ಲ. ಆ ಒಬ್ಬಳ ಕೂಗು ಹಡಗಿನ ಉಳಿದವರಿಗೂ ದೇವರ ನೆನಪು ತಂದಿತೋ, ಹಾಗಾದರೆ ಈ ನೌಕಾಘಾತವೇ ಒಂದು ಸುಗ್ಗಿಯೋ ಎಂದು ಅವನು ಕೇಳುತ್ತಾನೆ. ಪ್ರಶ್ನೆಯಾಗಿ ಕೇಳಿದ್ದು ಅವನ ಪ್ರಾಮಾಣಿಕತೆ. ಆದರೆ ಮುಂದೆ ಆ ಸತ್ತ ಹೆಂಗಸಿಗೆ ಇಡೀ ಇಂಗ್ಲೆಂಡನ್ನು ಮತ್ತೆ ಕ್ಯಾಥೊಲಿಕ್ ಮಾಡಿಸುವ ಕೆಲಸ ವಹಿಸುತ್ತಾನೆ. ಈಸ್ಟರ್ ಎಂಬ ಹಬ್ಬದ ಹೆಸರನ್ನೇ ಕ್ರಿಯಾಪದ ಮಾಡಿ, ಕ್ರಿಸ್ತ ನಮ್ಮೊಳಗೆ ಹಾಗೆ ಏಳಲಿ ಎಂದು ಬೇಡುತ್ತಾನೆ. ಆ ಕ್ರಿಯಾಪದ ಅದ್ಭುತ. ಆದರೆ ವೇದಿಕೆ ಪ್ರವಚನದ್ದು. ಐದು ಹೆಣಗಳಿಂದ ದೇಶವೊಂದರ ಮತಾಂತರಕ್ಕೆ ಇಷ್ಟು ಬೇಗ ಜಿಗಿಯಬಾರದಿತ್ತು ಅನ್ನಿಸುತ್ತದೆ. ಇಲ್ಲಿ ಭರವಸೆ ದುಬಾರಿಯಾಗಿಲ್ಲ, ಯಾಕೆಂದರೆ ಬೆಲೆ ತೆತ್ತವರು ಬೇರೆಯವರು.

ಬೆಲೆ ತೆರುವ ಸರದಿ ಅವನಿಗೂ ಬಂತು. ಹಡಗು ಒಡೆದಲ್ಲ, ಉತ್ತರಪತ್ರಿಕೆಗಳ ರೂಪದಲ್ಲಿ.

1884ರಲ್ಲಿ ಹಾಪ್‌ಕಿನ್ಸ್‌ನನ್ನು ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿಗೆ ಗ್ರೀಕ್ ಪ್ರಾಧ್ಯಾಪಕನಾಗಿ ಕಳುಹಿಸಲಾಯಿತು. ಅದಕ್ಕೂ ಮುನ್ನ ಲಿವರ್‌ಪೂಲ್, ಗ್ಲಾಸ್ಗೋ ನಗರಗಳ ಬಡ ಕೇರಿಗಳಲ್ಲಿ ಪಾದ್ರಿಯಾಗಿ ದಣಿದಿದ್ದ. ಐರ್ಲೆಂಡಿನಲ್ಲಿ ಸ್ವಾತಂತ್ರ್ಯದ ರಾಜಕೀಯ ಕಾವೇರಿದ್ದ ಕಾಲ. ಅವನೋ ಅಪ್ಪಟ ಇಂಗ್ಲಿಷ್‌ನವ. ಮನೆಯವರಿಂದ ಧರ್ಮ ದೂರ ಮಾಡಿತ್ತು, ಸಹಧರ್ಮೀಯರಿಂದ ದೇಶ ದೂರ ಮಾಡಿತು. ಎಲ್ಲಕ್ಕಿಂತ ಮಿಗಿಲಾಗಿ ರಾಯಲ್ ಯೂನಿವರ್ಸಿಟಿಯ ಪರೀಕ್ಷೆಗಳು. ಒಮ್ಮೆ 557 ಉತ್ತರಪತ್ರಿಕೆಗಳು ತನ್ನೆದುರಿಗಿವೆ, ಇದರ ಅರ್ಥ ಇಂಥದ್ದನ್ನು ದಾಟಿಬಂದವರಿಗಷ್ಟೇ ಗೊತ್ತು ಎಂಬರ್ಥದಲ್ಲಿ ಕಾಗದ ಬರೆದ. ಏಪ್ರಿಲ್ ಮೇ ತಿಂಗಳಲ್ಲಿ ಮೌಲ್ಯಮಾಪನ ಕೇಂದ್ರದಲ್ಲಿ ಕೂತವರಿಗೆ ಈ ಸಂಖ್ಯೆ ಎದೆಗೆ ತಾಕುತ್ತದೆ. ಹಡಗಿನ ಕವಿತೆಯಲ್ಲಿ ಸುಮ್ಮನೆ ಬಂದು ಹೋದ ಗಾಡಿಯ ಕುಲುಕಾಟ ಈಗ ಅವನ ಬೆನ್ನುಮೂಳೆಗೆ ಬಂದಿತ್ತು. ಆ ಚರಣವನ್ನು ಬರೆದಾಗ ಅವನು ತನ್ನ ಮುಂದಿನ ಹತ್ತು ವರ್ಷವನ್ನು ತಿಳಿಯದೆಯೇ ಬರೆದಿದ್ದ.

1885ರ ಆಸುಪಾಸಿನಲ್ಲಿ ಆರು ಸಾನೆಟ್‌ಗಳು ಹುಟ್ಟಿದವು. ವಿಮರ್ಶಕರು ಅವನ್ನು ‘ಭೀಕರ ಸಾನೆಟ್‌ಗಳು’ ಎಂದು ಕರೆಯುತ್ತ ಬಂದಿದ್ದಾರೆ. ಭೀತಿಯೊಳಗಿಂದ ಬರೆದವು ಎಂಬರ್ಥದಲ್ಲಿ. ಇವುಗಳಲ್ಲಿ ಕೆಲವು ತಾನು ಬೇಡವೆಂದರೂ ಕರೆಯದೆ ಬಂದವು ಎಂದು ಬ್ರಿಡ್ಜಸ್‌ಗೆ ತಿಳಿಸಿದ, ಆದರೆ ಅವನ್ನು ಕಳಿಸಲಿಲ್ಲ. ಸತ್ತ ಮೇಲೆ ಅವನ ಕಾಗದಗಳ ನಡುವೆ ಸಿಕ್ಕವು. ಇವುಗಳ ಪೈಕಿ ಒಂದರಲ್ಲಿ ನಡುರಾತ್ರಿ ಎಚ್ಚರಾಗಿ ಬೆಳಕಿಗೆ ಕಾಯುತ್ತಿರುವ ಮನುಷ್ಯನಿದ್ದಾನೆ. ತನ್ನ ಮೊರೆಗಳನ್ನು ಅವನು ದೂರದಲ್ಲಿ ವಾಸಿಸುವ ಪ್ರಿಯನೊಬ್ಬನಿಗೆ ಹಾಕಿದ, ಬಟವಾಡೆಯಾಗದೆ ಬಿದ್ದಿರುವ ಕಾಗದಗಳಿಗೆ ಹೋಲಿಸುತ್ತಾನೆ. ಹತ್ತು ವರ್ಷದ ಹಿಂದೆ ಬೇರೊಬ್ಬಳ ಕೂಗಿಗೆ ವಿಳಾಸವಿದೆಯೆಂದು ಸಾಧಿಸಿದ ಕವಿ ಇವನೇ. ಈಗ ವಿಳಾಸವಿದೆ, ಟಪಾಲು ಹೋಗುತ್ತಿಲ್ಲ.

ಇಲ್ಲಿ ಭರವಸೆ ಎಲ್ಲಿದೆ? ಬಹಳ ಜನ ಇಲ್ಲ ಎಂದೇ ಹೇಳುತ್ತಾರೆ. ಶ್ರದ್ಧೆಯ ಕವಿ ಕೊನೆಗೆ ನಿರಾಶೆಯ ಕವಿಯಾದ ಎನ್ನುವುದು ಆಧುನಿಕ ಓದುಗರಿಗೆ ಹಿತವಾದ ಕಥೆ. ಆದರೆ ಜೆಸ್ಯೂಟ್ ಪ್ರಾರ್ಥನೆಯ ಶಿಸ್ತನ್ನು ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಬದಲಾಗುತ್ತದೆ. ಅವರ ಮೂಲಪುರುಷ ಇಗ್ನೇಷಿಯಸ್ ಲೊಯೊಲಾ ತನ್ನ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕದಲ್ಲಿ ಮನಸ್ಸಿನ ಎರಡು ಸ್ಥಿತಿಗಳನ್ನು ಹೇಳುತ್ತಾನೆ: ದೇವರು ಹತ್ತಿರವಿದ್ದಾನೆ ಎನ್ನಿಸುವ ಸಾಂತ್ವನ, ಇಲ್ಲವೇ ಇಲ್ಲ ಎನ್ನಿಸುವ ಬರಡುತನ. ಬರಡುತನ ಬಂದಾಗ ಏನು ಮಾಡಬೇಕು ಎಂಬುದಕ್ಕೆ ಅವನು ಕೊಡುವ ನಿಯಮ ಬಹಳ ಒಣದು, ಬಹಳ ಪ್ರಾಯೋಗಿಕ: ಆಗ ಯಾವ ನಿರ್ಧಾರವನ್ನೂ ಬದಲಿಸಬೇಡ. ಒಳ್ಳೆಯ ದಿನಗಳಲ್ಲಿ ಮಾಡಿದ ತೀರ್ಮಾನದಲ್ಲಿ ಕಾಲೂರಿ ನಿಲ್ಲು. ಪ್ರಾರ್ಥನೆಯನ್ನು ಮೊಟಕು ಮಾಡಬೇಕೆನಿಸಿದರೆ ಇನ್ನಷ್ಟು ಹೊತ್ತು ಕೂರು.

‘ಕ್ಯಾರಿಯನ್ ಕಂಫರ್ಟ್’ ಎಂದು ಬ್ರಿಡ್ಜಸ್ ಹೆಸರಿಟ್ಟ ಸಾನೆಟ್ಟನ್ನು ಈ ನಿಯಮದ ಕಿವಿಯಿಂದ ಕೇಳಬೇಕು. ಅದು ಶುರುವಾಗುವುದೇ ‘ಇಲ್ಲ’ದಿಂದ. ಹತಾಶೆಯನ್ನು ಕೊಳೆತ ಮಾಂಸಕ್ಕೆ ಹೋಲಿಸಿ, ಅದನ್ನು ಉಣ್ಣಲಾರೆ ಎನ್ನುತ್ತಾನೆ. ನಿರಾಕರಣೆಯ ಮೇಲೆ ನಿರಾಕರಣೆ ಪೇರಿಸುತ್ತಾನೆ. ಬದುಕುತ್ತೇನೆ ಎನ್ನುವ ಧೈರ್ಯ ಅವನಿಗಿಲ್ಲ. ಬದುಕದಿರುವುದನ್ನು ಆರಿಸಿಕೊಳ್ಳುವುದಿಲ್ಲ ಎನ್ನುವಷ್ಟು ಮಾತ್ರ ಇದೆ. ಎರಡು ‘ಇಲ್ಲ’ಗಳನ್ನು ಕಲ್ಲಿಗೆ ಕಲ್ಲು ಉಜ್ಜಿದ ಹಾಗೆ ಉಜ್ಜಿ ಒಂದು ಕಿಡಿ ‘ಹೌದು’ ಹೊರಡಿಸುತ್ತಾನೆ. ನನ್ನ ಮಟ್ಟಿಗೆ ಹಾಪ್‌ಕಿನ್ಸ್‌ನ ಅತ್ಯಂತ ನಂಬಬಲ್ಲ ಭರವಸೆ ಇಲ್ಲಿದೆ, ಹಡಗಿನ ಕವಿತೆಯ ಕೊನೆಯಲ್ಲಲ್ಲ. ಅದು ಭಾವನೆಯೇ ಅಲ್ಲ. ತೀರ್ಮಾನ ಬದಲಿಸದಿರುವುದು, ಅಷ್ಟೆ. ಸಾನೆಟ್ಟಿನ ಕೊನೆಯಲ್ಲಿ ಯಾಕೋಬನ ಕಥೆಯ ನೆರಳಿದೆ. ರಾತ್ರಿಯಿಡೀ ಅಪರಿಚಿತನೊಬ್ಬನೊಡನೆ ಕುಸ್ತಿಯಾಡಿ, ಬೆಳಗಾದಾಗ ಅವನು ದೇವರೆಂದು ತಿಳಿದು, ಕುಂಟುತ್ತ ನಡೆದುಹೋದ ಯಾಕೋಬ. ಈ ಸೆಣಸಾಟದಲ್ಲಿ ಗೆದ್ದವರು ಯಾರು ಎಂದು ಕೇಳಿ, ಉತ್ತರ ಹೇಳದೆ, ತಾನು ಬಿದ್ದಿದ್ದ ಎದುರಾಳಿ ಯಾರೆಂಬ ಬೆರಗಿನಲ್ಲಿ ಪದ್ಯ ನಿಲ್ಲುತ್ತದೆ.

ದೇವರ ಜೊತೆ ಜಗಳವಾಡುವುದು ನಮಗೆ ಹೊಸದಲ್ಲ. ನಿಂದಾಸ್ತುತಿ ನಮ್ಮ ದಾಸರ ಪಾಡು. ಆದರೆ ಅಲ್ಲಿ ಬೈಯುವವನಿಗೆ ಬೈಸಿಕೊಳ್ಳುವವನ ಸಲಿಗೆಯಿದೆ, ತುಟಿಯ ಕೊನೆಯಲ್ಲಿ ನಗುವಿದೆ. ಹಾಪ್‌ಕಿನ್ಸ್‌ಗೆ ಆ ಸಲಿಗೆಯಿಲ್ಲ. ಅವನ ವಂಶ ಹೀಬ್ರೂ ಪ್ರಲಾಪಗಳದ್ದು. ಕನ್ನಡ ಬೈಬಲಿನಲ್ಲಿ ಅವಕ್ಕೂ ‘ಕೀರ್ತನೆಗಳು’ ಎಂದೇ ಹೆಸರು; ಆ ಪದ ನಂಬಿ 88ನೆಯ ಕೀರ್ತನೆಗೆ ಹೋದವರು ಬೆಚ್ಚುತ್ತಾರೆ. ಉಳಿದ ಪ್ರಲಾಪಗಳು ಹೇಗಾದರೂ ಕೊನೆಗೊಂದು ಸ್ತುತಿಗೆ ಬಂದು ಮುಟ್ಟುವುದೇ ಹೆಚ್ಚು, ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗಿದ್ದೂ ಅದು ಪ್ರಾರ್ಥನೆ ಎನಿಸಿಕೊಂಡಿರುವುದು ‘ನೀನು’ ಎಂಬ ಒಂದು ಸರ್ವನಾಮದ ಬಲದಿಂದ. ಕತ್ತಲೆಯ ಬಗ್ಗೆ ಮಾತಾಡುವುದು ಬೇರೆ, ಕತ್ತಲೆಯೊಳಗಿಂದ ಒಬ್ಬನಿಗೆ ಮಾತಾಡುವುದು ಬೇರೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಅನುಮಾನವನ್ನು ನುಂಗಿಕೊಳ್ಳಲು ನನ್ನಿಂದಾಗುವುದಿಲ್ಲ. ಸಂಕಟವನ್ನು ಪವಿತ್ರವೆನ್ನುವ ಧರ್ಮ ಸಂಕಟವನ್ನು ಸಹಿಸಿಕೊಂಡಿರಲು ಕಲಿಸುತ್ತದೆ, ಬಹಳ ಸಲ ಸಹಿಸಿಕೊಳ್ಳಬಾರದ ಕಡೆಯೂ. ಡಬ್ಲಿನ್‌ಗೆ ಹೋಗಲಾರೆ ಎನ್ನುವ ಸ್ವಾತಂತ್ರ್ಯ ವಿಧೇಯತೆಯ ವ್ರತ ತೊಟ್ಟ ಹಾಪ್‌ಕಿನ್ಸ್‌ಗಿರಲಿಲ್ಲ. ಅವನ ಬಳಲಿಕೆಗೆ ಬೇಕಿದ್ದದ್ದು ಶಿಲುಬೆಯ ಧ್ಯಾನವೋ ಒಂದು ವರ್ಷದ ರಜೆಯೋ? ಈ ಪ್ರಶ್ನೆ ಅವನಿಗೂ ಹೊಳೆದಿತ್ತೆಂದು ನಾನು ಊಹಿಸುವುದು ಆರರಲ್ಲಿ ಒಂದು ಸಾನೆಟ್ಟಿನಿಂದಾಗಿ. ಅದರಲ್ಲಿ ಅವನು ತನ್ನ ಮನಸ್ಸಿನ ಬಗ್ಗೆ ತಾನೇ ಸ್ವಲ್ಪ ಕನಿಕರ ತೋರಬೇಕು ಎಂದುಕೊಳ್ಳುತ್ತಾನೆ; ದಣಿದ ಕೂಸನ್ನು ರಮಿಸುವ ದನಿಯಲ್ಲಿ ತನ್ನನ್ನೇ ಮಾತಾಡಿಸುತ್ತಾನೆ, ಸಾಕು, ಚಿಂತೆ ಬಿಡು, ಸಂತೋಷ ಬರುವಾಗ ಬರಲಿ, ಅದನ್ನು ಹಿಂಡಿ ತೆಗೆಯಲಾಗದು ಎಂಬಂತೆ. ಬೆಟ್ಟಗಳ ಸಂದಿಯಲ್ಲಿ ತಟ್ಟನೆ ಕಾಣುವ ಆಕಾಶದ ಬೆಳಕೊಂದು ಆ ಪದ್ಯದ ಕೊನೆಯಲ್ಲಿದೆ. ಹಡಗಿನ ಕವಿತೆಯಲ್ಲಿ ತ್ಯಾಗ ಎಷ್ಟು ದೊಡ್ಡದಾಗಿತ್ತೆಂದರೆ ಇಂಥ ಕರುಣೆಗೆ ಅಲ್ಲಿ ಜಾಗವಿರಲಿಲ್ಲ. ಬೇರೆಯವರ ನೋವನ್ನು ಶಿಲುಬೆಯೆಂದು ಕರೆಯುವುದು ಸುಲಭ. ತನ್ನ ನೋವಿಗೆ ಸ್ವಲ್ಪ ನೀರು ಕೊಡುವುದು ಅವನಿಗೆ ಕಲಿಯಲು ಹತ್ತು ವರ್ಷ ಬೇಕಾಯಿತು.

1889ರ ಮಾರ್ಚ್ 17ರ ತಾರೀಖಿನ ಸಾನೆಟ್ ಅವನ ಕೊನೆಯ ಪದ್ಯಗಳಲ್ಲೊಂದು. ಅಂದು ಸೇಂಟ್ ಪ್ಯಾಟ್ರಿಕ್‌ನ ಹಬ್ಬ. ಪದ್ಯ ಯೆರೆಮೀಯನ ವ್ಯಾಜ್ಯವೊಂದನ್ನು ಎತ್ತಿಕೊಂಡು ಶುರುವಾಗುತ್ತದೆ: ನೀನು ನ್ಯಾಯವಂತ, ಸರಿ, ಆದರೆ ನನ್ನದೂ ನ್ಯಾಯವಾದ ಮಾತೇ, ಕೆಟ್ಟವರ ಕೆಲಸ ಯಾಕೆ ಕೈಗೂಡುತ್ತದೆ, ನಾನು ಹಿಡಿದದ್ದೆಲ್ಲ ಯಾಕೆ ಸೋಲುತ್ತದೆ? ದೇವರನ್ನು ಅವನು ಇಲ್ಲಿ ‘ಸರ್’ ಎಂದು ಕರೆಯುತ್ತಾನೆ. ನ್ಯಾಯಾಲಯದಲ್ಲಿ ವಕೀಲ ನಿಂತ ಹಾಗೆ, ಅಥವಾ ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತ ಹಾಗೆ. ಹೊರಗೆ ವಸಂತ, ಬೇಲಿಸಾಲಿನ ಗಿಡಗಳೆಲ್ಲ ಚಿಗುರಿವೆ, ಹಕ್ಕಿಗಳು ಗೂಡು ಕಟ್ಟುತ್ತಿವೆ, ಕಟ್ಟಲಾರದವನು ತಾನೊಬ್ಬನೇ. ಈ ಸಲ ಸುಗ್ಗಿಯ ಮಾತಿಲ್ಲ, ಇಂಗ್ಲೆಂಡಿನ ಉದ್ಧಾರದ ಮಾತಿಲ್ಲ. ಕೊನೆಗೆ ಅವನು ಕೇಳುವುದು ಹೂವನ್ನಲ್ಲ, ಫಲವನ್ನಲ್ಲ, ತನ್ನ ಬೇರುಗಳಿಗೆ ಮಳೆ. ಕಣ್ಣಿಗೆ ಕಾಣದ ಜಾಗಕ್ಕೆ ಬೇಕಾದ ನೀರು.

ಜೂನ್ 8ರಂದು ಅವನು ಡಬ್ಲಿನ್‌ನಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡ. ಇನ್ನೂ 45 ತುಂಬಿರಲಿಲ್ಲ. ಕೊನೆಯಲ್ಲಿ ತಾನು ಬಹಳ ಸಂತೋಷವಾಗಿದ್ದೇನೆಂದು ಹೇಳಿದನೆಂಬ ಮಾತು ಉಳಿದುಬಂದಿದೆ. 1918ರ ಸಂಕಲನದ 750 ಪ್ರತಿಗಳು ಮಾರಾಟವಾಗಲು ಹತ್ತು ವರ್ಷ ಹಿಡಿದವು. ಆ ಹುಡುಗಿ ಈಗ ಎಲ್ಲೋ ಒಂದು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಳೆ ಎಂದು ಕೇಳಿದ್ದೇನೆ. ಮೌಲ್ಯಮಾಪನದ ದಿನಗಳಲ್ಲಿ ಅವಳಿಗೂ ಆ ಗಾಡಿಯ ಕುಲುಕಾಟ ಗೊತ್ತಾಗಿರಬೇಕು.